ಬಾಡದ ಕೂಸಿನ ಮೊಮ್ಮಗಳು

ಅಕ್ಕೋರು ಯಾರನ್ನು ಮೊದಲ ಸಲ ಕಂಡರೂ ಹೆಸರು ಕೇಳುತ್ತಿರಲಿಲ್ಲ. "ನಿಮ್ಮ ಅಜ್ಜಿಯ ತವರು ಯಾವೂರು?" ಎಂದು ಕೇಳುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರಿಗೂ ಅದೇ ಪ್ರಶ್ನೆ, ಶಾಲೆಯ ಬಾವಿಗೆ ಬಿದ್ದ ಕೊಡ ತೆಗೆಯಲು ಬಂದವನಿಗೂ ಅದೇ ಪ್ರಶ್ನೆ. ಸಾಹೇಬರು ತಡವರಿಸಿದರು. ಕೊಡ ತೆಗೆಯಲು ಬಂದವನು ಥಟ್ಟನೆ ಹೇಳಿದ. ಅಕ್ಕೋರು ಅವನಿಗೆ ಎರಡು ಲೋಟ ಚಾ ಕೊಟ್ಟರು, ಸಾಹೇಬರಿಗೆ ಒಂದೇ.

ಹೋದ ತಿಂಗಳು ಅವರು ತೀರಿಕೊಂಡರೆಂದು ಹೊನ್ನಾವರದಿಂದ ಫೋನು ಬಂತು. ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಅಳುತ್ತಿದ್ದಂತೆಯೇ ಆ ಸಾಹೇಬರ ಮುಖ ನೆನಪಾಗಿ ನಗುವೂ ಬಂತು. ಅಕ್ಕೋರನ್ನು ನೆನೆದು ಒಂದು ಗಂಟೆ ಬಿಡದೆ ಅಳುವುದು ನನ್ನಿಂದ ಆಗದ ಕೆಲಸ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರುಗಳೇ, ನಾನೂ ಹೌದು. ಆದರೆ ಹೊನ್ನಾವರದ ಆ ಮೀನುಗಾರರ ಕೇರಿಯಲ್ಲಿ ಬರೀ 'ಅಕ್ಕೋರು' ಎಂದರೆ ಅವರೊಬ್ಬರೇ. ನನ್ನನ್ನು 'ಸಣ್ಣಕ್ಕೋರು' ಎಂದು ಕರೆದು ಸುಮ್ಮನಾಗುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ನಾನು ಆ ಶಾಲೆಗೆ ಸೇರಿದಾಗ ನನಗೆ ಇಪ್ಪತ್ತೆರಡು. ಗೇರುಸೊಪ್ಪದ ಆಚೆಯ ತೋಟದೂರಿನಿಂದ ಬಂದವಳು. ಕೇರಿಯ ದಾರಿಯಲ್ಲಿ ಒಣಗಲು ಹಾಕಿದ ಮೀನು ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಅಕ್ಕೋರು ಅದೇ ಕೇರಿಯಲ್ಲಿ ಹುಟ್ಟಿ ಬೆಳೆದವರು, ಅಲ್ಲಿಂದ ಓದಿ ಶಿಕ್ಷಕಿಯಾದವರಲ್ಲಿ ಮೊದಲಿಗರು. ನನ್ನ ಓಟವನ್ನು ಎರಡು ದಿನ ಶಾಲೆಯ ಜಗಲಿಯಿಂದ ನೋಡಿದರು. ಮೂರನೇ ದಿನ, "ತಂಗೀ, ಅಷ್ಟು ಜೋರು ಓಡಬೇಡ. ಮೀನು ಸತ್ತು ಎರಡು ದಿನ ಆಯ್ತು, ಅಟ್ಟಿಸ್ಕಂಡು ಬರೂದಿಲ್ಲ" ಎಂದರು. ಆಮೇಲೆ ಎಂದಿನ ಪ್ರಶ್ನೆ ಬಂತು, "ನಿನ್ನ ಅಜ್ಜಿಯ ತವರು ಯಾವೂರು?"

ನನಗೆ ಗೊತ್ತಿರಲಿಲ್ಲ. ಅಜ್ಜನ ಅಜ್ಜನ ಹೆಸರು, ಗೋತ್ರ, ಅವರು ಎಲ್ಲಿಂದ ಎದ್ದು ಬಂದರು ಎಂಬುದೆಲ್ಲ ಬಾಯಿಪಾಠ. ಅಜ್ಜಿಯ ಊರು ಮಾತ್ರ ಗೊತ್ತಿಲ್ಲ. ಶನಿವಾರ ಮನೆಗೆ ಹೋದಾಗ ಅಮ್ಮನನ್ನು ಕೇಳಿದೆ. "ನಿಂಗೆಂತಕ್ಕೆ ಅದೆಲ್ಲ? ಯಂಗೂ ಸಮಾ ಗೊತ್ತಿಲ್ಲೆ" ಎಂದಳು ಅಮ್ಮ. ಸೋಮವಾರ ತಲೆ ತಗ್ಗಿಸಿಕೊಂಡು ಅದನ್ನೇ ವರದಿ ಮಾಡಿದೆ. ಅಕ್ಕೋರಿಗೆ ಖುಷಿಯೋ ಖುಷಿ. "ಹಾಂಗಾದ್ರೆ ನೀನೂ ನಮ್ಮ ಪೈಕಿಯೇ" ಎಂದು ನನ್ನ ಬೆನ್ನು ತಟ್ಟಿದರು. ಬೆನ್ನ ಮೇಲೆ ಸೀಮೆಸುಣ್ಣದ ಐದು ಬೆರಳು ಮೂಡಿದ್ದು ಸಂಜೆಯವರೆಗೂ ನನಗೆ ಗೊತ್ತಾಗಲಿಲ್ಲ.

ಅವರ ಪ್ರಶ್ನೆಯ ಹಿಂದಿನ ಕಥೆ ನನಗೆ ತಿಳಿದದ್ದು ಅವರ ಅಜ್ಜಿಯನ್ನು ಕಂಡ ಮೇಲೆ. ಅಕ್ಕೋರಿಗೆ ಎರಡು ವರ್ಷವಾದಾಗ ತಾಯಿ ತೀರಿಹೋಗಿದ್ದಳು, ತಂದೆ ಬೇರೆ ಸಂಸಾರ ಕಟ್ಟಿಕೊಂಡಿದ್ದ. ತಾಯಿಯ ತಾಯಿಯಾದ ಈ ಅಜ್ಜಿಯೇ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರಿ ಮೊಮ್ಮಗಳನ್ನು ಟ್ರೇನಿಂಗ್ ಕಾಲೇಜಿನವರೆಗೆ ಓದಿಸಿದ್ದಳು. ನಾನು ಕಂಡಾಗ ಅಜ್ಜಿಗೆ ಎಂಬತ್ತು ದಾಟಿತ್ತು. ಎಷ್ಟು ದಾಟಿತ್ತೆಂದು ಕೇಳಿದರೆ "ಬರ್ದಿಟ್ಟವ್ರು ಯಾರು?" ಎನ್ನುತ್ತಿದ್ದಳು. ಬೆನ್ನು ನೆಟ್ಟಗೆ, ಬಾಯಿ ಅದಕ್ಕಿಂತ ನೆಟ್ಟಗೆ. ಅವಳ ಹೆಸರು ಹೊನ್ನಮ್ಮ. ಹೊನ್ನಾವರ ಬಂದರಿನಲ್ಲಿ ಸಿಕ್ಕಿದ್ದರಿಂದ ಆ ಹೆಸರು.

ಸಿಕ್ಕಿದ್ದು ಹೀಗೆ. ಅಜ್ಜಿ ನಾಲ್ಕೈದು ವರ್ಷದ ಕೂಸಾಗಿದ್ದಾಗ ಅವಳ ಊರಿಗೆ ಯಾವುದೋ ಜಡ್ಡು ಬಂದು ಅವಳ ತಾಯಿಯೂ ಸೇರಿ ಬಹಳ ಜನ ಸತ್ತರು. ತಂದೆ ಮಚ್ವೆಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿ ಹಡಗಿನಲ್ಲಿ, ತಾಂಡೇಲನಾಗಿದ್ದ. ಹಡಗು ನಡೆಸುವವನೇ ಅವನು. ಭಟ್ಕಳಕ್ಕೆ ಹೊರಟವನು ಮಗಳನ್ನೂ ಕೂರಿಸಿಕೊಂಡು ಬಂದು, ಹೊನ್ನಾವರ ಬಂದರಿನಲ್ಲಿ ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸಿನ ಕೈಗೆ ಕೊಟ್ಟ. "ಇದು ಬಾಡದ ಕೂಸು. ನಾಕು ದಿನ ನೋಡ್ಕಳಿ, ಭಟ್ಕಳದಿಂದ ಬರೂವಾಗ ಕರ್ಕಂಡ್ ಹೋಗ್ತೆ" ಎಂದ. ಮಚ್ವೆ ಹೋಯಿತು, ತಿರುಗಿ ಬರಲಿಲ್ಲ. ಆ ಹೆಂಗಸು ಕೂಸನ್ನು ತನ್ನದೆಂದೇ ಸಾಕಿದಳು. ಅಪ್ಪ ಹೇಳಿದ ಆ ಮಾತೊಂದೇ ಅಜ್ಜಿಯ ಆಸ್ತಿ. ಎಲ್ಲರೂ ಜಡ್ಡಿಗೆ ಬಾಡಿ ಹೋದರೂ ತಾನೊಬ್ಬಳು ಬಾಡಲಿಲ್ಲ ಎಂದು ಅಪ್ಪ ಹೊಗಳಿದ್ದ ಎಂಬುದು ಅವಳ ಜಂಬ. ಕೇರಿಯಲ್ಲಿ ಯಾರಾದರೂ "ಅಜ್ಜೀ, ಆರಾಮ?" ಎಂದರೆ ಸಾಕು, "ನಂಗೆಂತ ಆತು? ನಾ ಬಾಡದ ಕೂಸು" ಎಂದು ಸೊಂಟದ ಮೇಲೆ ಕೈಯಿಡುವಳು.

ಆದರೆ ಊರು ಯಾವುದು? ಅದು ಅವಳಿಗೆ ನೆನಪಿಲ್ಲ, ಅಲ್ಲಿ ತನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದೂ ನೆನಪಿಲ್ಲ. "ಊರಿಗೆ ಊರು ಅಂತಿದ್ರು. ಸಣ್ಣ ಕೂಸಿಗೆ ಹೆಸರು ಎಂತಕ್ಕೆ?" ಸಮುದ್ರದ ಸದ್ದು ನೆನಪಿದೆ, ಅಣ್ಣನೊಬ್ಬನಿದ್ದ ಎಂಬ ನೆನಪಿದೆ, ಅವನು ತನ್ನ ಜುಟ್ಟು ಹಿಡಿದು ಎಳೆಯುತ್ತಿದ್ದುದು ಬಹಳ ಚೆನ್ನಾಗಿ ನೆನಪಿದೆ. ಇಷ್ಟರಿಂದ ಯಾವ ಊರನ್ನು ಹುಡುಕುವುದು?

ಇದು ಬರೀ ಕುತೂಹಲದ ಮಾತಾಗಿರಲಿಲ್ಲ. ಚೌತಿ ಹತ್ತಿರ ಬಂದರೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ತವರಿಗೆ ಹೊರಡುವರು. ಹೊಸ ಸೀರೆ ಉಟ್ಟು ಬರುವರು. ಬಂದ ಮೇಲೆ ಒಂದು ವಾರ ತವರಿನ ಮಾತೇ ಮಾತು. ಅಜ್ಜಿ ಆ ದಿನಗಳಲ್ಲಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಮೀನುಪೇಟೆಯ ಜಗಳದಲ್ಲಿ ಅವಳ ಬಾಯಿಗೆ ಸೋತವರು ಕೊನೆಗೆ ಎಸೆಯುತ್ತಿದ್ದ ಕಲ್ಲು ಒಂದೇ: "ತವರಿಲ್ಲದವಳು!" ಅದನ್ನು ಕೇಳಿದ ಕೂಡಲೇ ಅಜ್ಜಿ ಬುಟ್ಟಿ ಎತ್ತಿಕೊಂಡು ಮನೆಗೆ ಬಂದುಬಿಡುತ್ತಿದ್ದಳಂತೆ. ಅಂಥ ಒಂದು ದಿನ ಎಂಟು ವರ್ಷದ ಮೊಮ್ಮಗಳು, "ನಾ ದೊಡ್ಡವಳಾಗಿ ನಿನ್ನ ತವರು ಹುಡ್ಕಿ ಕೊಡ್ತೆ" ಎಂದು ಮಾತು ಕೊಟ್ಟಿದ್ದಳು. ಎಂಟು ವರ್ಷದವರು ಕೊಟ್ಟ ಮಾತನ್ನು ಲೋಕ ಮರೆಯುತ್ತದೆ. ಅಕ್ಕೋರು ಮರೆಯಲಿಲ್ಲ. ಅಜ್ಜಿ ಉಸಿರಿರುವಾಗಲೇ ತವರಿನ ಹೊಸಿಲು ತುಳಿಯಬೇಕು ಎಂಬುದೊಂದೇ ಅವರ ಹಟವಾಗಿತ್ತು.

ನಾವೆಲ್ಲ ಮನೆಗೆ ಹತ್ತಿರದ ಊರಿಗೆ ವರ್ಗ ಕೇಳುತ್ತೇವೆ. ಅಕ್ಕೋರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಟ್ಕಳ ತಾಲ್ಲೂಕನ್ನೇ ಕೇಳಿ ಪಡೆದು, ಅಜ್ಜಿಯನ್ನೂ ಕಟ್ಟಿಕೊಂಡು, ಮುಟ್ಟಳ್ಳಿಯಲ್ಲಿ ಐದು ವರ್ಷ ಇದ್ದರು. ಅಜ್ಜಿಯ ಅಪ್ಪ ಭಟ್ಕಳಕ್ಕೆ ಹೋದನಲ್ಲ, ಅಲ್ಲೇ ಎಲ್ಲೋ ಊರಿರಬೇಕು ಎಂಬ ಲೆಕ್ಕ. ಆ ಐದು ವರ್ಷದಲ್ಲಿ ಸುತ್ತಲಿನ ಎಲ್ಲ ಮುದುಕಿಯರ ತವರು ಅವರಿಗೆ ಕಂಠಪಾಠವಾಯಿತು, ತಮ್ಮ ಅಜ್ಜಿಯದೊಂದು ಬಿಟ್ಟು. ಈ ನಡುವೆ ಮದುವೆಯ ಮಾತು ಎರಡು ಸಲ ಬಂದು ಹೋಯಿತಂತೆ. ಯಾಕೆ ಆಗಲಿಲ್ಲ ಎಂದು ಕೇಳಿದ್ದಕ್ಕೆ, "ಗಂಡಿನ ಅಜ್ಜಿಯ ತವರು ಕೇಳ್ದೆ, ಹೆದರಿ ಓಡಿದ್ರು" ಎಂದು ನಕ್ಕರು. ಅದರಲ್ಲಿ ನಿಜವೆಷ್ಟೋ ಗೊತ್ತಿಲ್ಲ.

ಶಾಲೆಗೆ ಮಕ್ಕಳನ್ನು ಸೇರಿಸುವ ದಿನ ಅವರನ್ನು ನೋಡಬೇಕು. ಹುಟ್ಟಿದ ತಾರೀಕು ಗೊತ್ತಿಲ್ಲ ಎಂದರೆ ನಮ್ಮ ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಜೂನ್ ಒಂದು ಎಂದು ಬರೆಯುವವರು. ಕೇರಿಯ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರು. ಅಕ್ಕೋರು ಪುಸ್ತಕ ಕಸಿದುಕೊಂಡು ತಾಯಂದಿರನ್ನು ಕೂರಿಸಿ ಶುರುಮಾಡುವರು. "ಚೌತಿ ಮುಂಚೆಯೋ, ಆಮೇಲೋ? ದೋಣಿ ನೀರಿಗಿಳಿದಿತ್ತೋ ಇಲ್ವೋ? ಬಾಣಂತಿಗೆ ಯಾವ ಮೀನಿನ ಸಾರು ಕೊಟ್ರು?" ಮೀನಿನ ಹೆಸರು ಹೇಳಿದರೆ ತಿಂಗಳು ಹೇಳಿಬಿಡುತ್ತಿದ್ದರು. ಹೆಡ್‌ಮಾಸ್ತರರು ತಲೆ ಚಚ್ಚಿಕೊಂಡರೆ, "ನಾಳೆ ಇವರ ಮೊಮ್ಮಕ್ಕಳು ಹುಡುಕಿಕೊಂಡು ಬಂದ್ರೆ ನೀವಿರ್ತ್ರಾ, ನಾನಿರ್ತೆನಾ? ಪುಸ್ತಕ ಇರ್ತದೆ" ಎನ್ನುವರು.

ನಾನು ಅವರ ಹುಡುಕಾಟಕ್ಕೆ ಸೇರಿಕೊಂಡದ್ದು ಎರಡನೇ ವರ್ಷ. ಸೇರಿಕೊಂಡೆ ಎನ್ನುವುದಕ್ಕಿಂತ ಅವರ ಕೊಡೆ ಹಿಡಿದುಕೊಂಡು ಹಿಂದೆ ಹೋದೆ. ಭಟ್ಕಳದಲ್ಲಿ ಹಿಂದೆ ಮಚ್ವೆಗಳನ್ನು ಇಟ್ಟುಕೊಂಡಿದ್ದ ಮನೆತನದ ಹಿರಿಯರೊಬ್ಬರು ಇದ್ದಾರೆಂದು ಯಾರೋ ಹೇಳಿದ್ದರು. ನವಾಯತರೆಂಬ ಅಲ್ಲಿನ ಮುಸ್ಲಿಂ ವ್ಯಾಪಾರಿಗಳ ಪೈಕಿಯ, ಬಿಳಿ ಗಡ್ಡದ ಸಾಹೇಬರು. ನಾವು ಬಾಗಿಲಲ್ಲಿ ವಿಷಯ ಎತ್ತುತ್ತಿದ್ದಂತೆ, "ಮೊದ್ಲು ಚಾ, ಬಾತ್ ಆಮೇಲೆ" ಎಂದು ಕೂರಿಸಿದರು. ಚಾ ಮುಗಿಯುವಷ್ಟರಲ್ಲಿ ಅಕ್ಕೋರು ಅವರ ಅಜ್ಜಿಯ ತವರನ್ನು ತಿಳಿದುಕೊಂಡಾಗಿತ್ತು. ಕಾಗದಪತ್ರ ಕೇಳಿದ್ದಕ್ಕೆ ಸಾಹೇಬರು ಒಂದು ಮರದ ಪೆಟ್ಟಿಗೆ ತೆರೆದು ತೋರಿಸಿದರು. ಒಳಗೆ ಒರಲೆ ತಿಂದುಳಿದ ಮಣ್ಣು.

"ಎಲ್ಲ ಹೋಯ್ತು ಅಕ್ಕೋರೆ. ಆದರೆ ನನ್ನ ಬಾಪಾ ಹೇಳ್ತಿದ್ದದ್ದು ಯಾದ್ ಇದೆ. ಒಂದು ಮಚ್ವೆ ಇಲ್ಲಿಂದ ಹಂಚು ತುಂಬಿಸ್ಕೊಂಡು ಹೋಗಿದ್ದು ವಾಪಸ್ ಬರ್ಲಿಲ್ಲ. ಅದರ ತಾಂಡೇಲ ಇಲ್ಲಿಯವ ಅಲ್ಲ. ನಮ್ಮ ತಾಂಡೇಲರೆಲ್ಲ ಕುಮಟಾ ಕಡೆಯವ್ರು."

ಮುಟ್ಟಳ್ಳಿಯ ಐದು ವರ್ಷ ನೀರಿನಲ್ಲಿ ಹೋಯಿತಲ್ಲ ಎಂದು ನನಗೆ ಹೊಟ್ಟೆಯುರಿಯಿತು. ಅಕ್ಕೋರು ಮಾತ್ರ ದಾರಿಯುದ್ದಕ್ಕೂ ಹಾಡು ಗುನುಗಿಕೊಂಡು ಬಂದರು. "ಒಂದು ತಾಲ್ಲೂಕು ಕಳೀತಲ್ಲ ತಂಗಿ, ಇನ್ನು ಹುಡುಕೂ ಜಾಗ ಸಣ್ಣ ಆತು."

ಮುಂದಿನ ಶನಿವಾರ ಶಾಲೆ ಮುಗಿಸಿ ಕುಮಟೆಯ ಕಚೇರಿಗೆ ಹೋದೆವು. ಜನನ ಮರಣದ ಹಳೆಯ ಪುಸ್ತಕಗಳನ್ನು ನೋಡಬೇಕು ಎಂದೆವು. ಗುಮಾಸ್ತ ಒಳ್ಳೆಯವನು, ಒಂದು ಕಟ್ಟು ತಂದು ಬಿಚ್ಚಿದ. ಮುಂಬಯಿ ಸರ್ಕಾರದ ಕಾಲದವು, ಕೆಲವು ಹಳೆಯ ಮರಾಠಿಯ ಮೋಡಿ ಅಕ್ಷರದಲ್ಲಿದ್ದವು. ನಮಗೆ ಬೇಕಾಗಿರಬಹುದಾದ ವರ್ಷಗಳ ಪುಸ್ತಕಗಳೇ ಇರಲಿಲ್ಲ. ಇದ್ದವುಗಳಲ್ಲೂ ತಂದೆಯ ಹೆಸರು, ಮುಂದೆ 'ಹೆಣ್ಣು' ಎಂದು ಬಿಟ್ಟರೆ ಮಗುವಿಗೆ ಹೆಸರಿಲ್ಲ.

"ಕೂಸಿನ ಹೆಸರು ಎಂತದು?" ಎಂದು ಕೇಳಿದ.

"ಗೊತ್ತಿಲ್ಲ."

"ಅಪ್ಪನ ಹೆಸರು?"

"ಗೊತ್ತಿಲ್ಲ."

"ವರ್ಷ? ಊರು?"

"ಅದನ್ನೇ ಹುಡ್ಕೂಕೆ ಬಂದದ್ದು."

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. "ಅಕ್ಕೋರೆ, ಹೆಸರಿಲ್ಲ, ಊರಿಲ್ಲ, ವರ್ಷ ಇಲ್ಲ, ಪುಸ್ತಕವೂ ಇಲ್ಲ. ಇಷ್ಟು ಸಲೀಸಾದ ಕೆಲಸ ನಂಗೆ ಯಾರೂ ಕೊಟ್ಟಿರ್ಲಿಲ್ಲ" ಎಂದ. ಅಕ್ಕೋರು ಜೋರಾಗಿ ನಕ್ಕರು. ಹೊರಗೆ ಬಂದವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, "ಹೋದ ವಾರ ಅಜ್ಜಿ ಬಾವಿಕಟ್ಟೆ ಹತ್ರ ಬಿದ್ಲು. ನಂಗೆ ಹೇಳ್ಬೇಡ ಅಂತ ಪಕ್ಕದ ಮನೆಯವ್ರಿಗೆ ಹೇಳಿದಾಳೆ. ಇನ್ನು ಎಷ್ಟು ದಿನ ತಂಗಿ?" ಎಂದರು.

ಆಗ ನಮ್ಮ ಎದುರಿಗೇ ಒಂದು ಬಸ್ಸು ಬಂದು ನಿಂತಿತು. ಜನ ಒಮ್ಮೆಲೇ ಬಾಗಿಲಿಗೆ ಮುತ್ತಿದರು. ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಕೈ ಅಡ್ಡ ಹಿಡಿದು ಕೂಗತೊಡಗಿದ. "ಬಾಡದವ್ರು ಮೊದ್ಲು ಹತ್ತಿ! ಬಾಡದವ್ರು ಮಾತ್ರ! ನಡುವೆ ಇಳಿಯೂವ್ರು ಹಿಂದಿನ ಬಸ್ಸಿಗೆ!"

ಬಾಡ ಎಂಬುದು ಕುಮಟೆಯ ಹತ್ತಿರ ಸಮುದ್ರದ ಅಂಚಿನ ಒಂದು ಊರು. ನಮಗಿಬ್ಬರಿಗೂ ಗೊತ್ತಿದ್ದ ಊರೇ. ಆದರೆ ಅಕ್ಕೋರು ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು, ಅವರ ಕಿವಿಗೆ ಮೊದಲು ಕೇಳಿದ್ದು ಬೇರೆ. ಬೇಸರದ ನಡುವೆಯೂ ತುಟಿ ಅರಳಿತು. "ಕೇಳಿದ್ಯಾ? ಬಾಡಿದವ್ರಿಗೆ ಬಸ್ಸಲ್ಲಿ ಜಾಗ ಇಲ್ವಂತೆ. ನನ್ನ ಮುಖ ನೋಡಿದ್ರೆ ಹತ್ತಿಸ್ಕಳೂದಿಲ್ಲ."

ಅವರು ನಕ್ಕದ್ದು ನೋಡಿ ನನಗೂ ಹುರುಪು ಬಂತು. "ನಿಮಗಿಲ್ಲ ಅಕ್ಕೋರೆ. ಅಜ್ಜಿ ಬಂದಿದ್ರೆ ಸೀಟೇ ಸಿಗ್ತಿತ್ತು, ಅವರು ಬಾಡದ ಕೂಸಲ್ವ!" ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ಅಕ್ಕೋರ ನಗು ಅರ್ಧಕ್ಕೆ ನಿಂತಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬಾಡದ ಕೂಸು. ಬಾಡ ಎಂಬ ಊರಿನ ಕೂಸು. ಅಪ್ಪ ಮಗಳನ್ನು ಹೊಗಳಿರಲಿಲ್ಲ, ಊರು ಹೇಳಿ ಹೋಗಿದ್ದ! ಜಡ್ಡಿನ ಊರಿನಿಂದ ಬದುಕಿ ಬಂದ ಮಗುವನ್ನು ಕಂಡ ಆ ಹೆಂಗಸು ಅದನ್ನು ಹೊಗಳಿಕೆಯೆಂದು ಕೇಳಿಸಿಕೊಂಡಿದ್ದಳು. ಅಜ್ಜಿ ಅದನ್ನೇ ಜೀವಮಾನವಿಡೀ ಕೇರಿಗೆಲ್ಲ ಸಾರಿಕೊಂಡು ಬಂದಿದ್ದಳು. ತವರು ಯಾವುದೆಂದು ಕೇಳಿದವರಿಗೆ ಗೊತ್ತಿಲ್ಲ ಎಂದವಳು, ಆರಾಮವೇ ಎಂದು ಕೇಳಿದವರಿಗೆ ದಿನಾ ತವರಿನ ಹೆಸರು ಹೇಳುತ್ತಿದ್ದಳು.

"ಏಯ್, ತಡಿಯೋ ಮಾರಾಯಾ! ನಾವೂ ಬಾಡದವ್ರೇ!" ಎಂದು ಕೂಗುತ್ತ ಅಕ್ಕೋರು ಓಡಿದರು. ಅವರ ಚೀಲ, ಕೊಡೆ, ಒಂದು ಕಾಲಿನ ಚಪ್ಪಲಿ ಎಲ್ಲ ಹೆಕ್ಕಿಕೊಂಡು ನಾನು ಹಿಂದೆ ಓಡಿದೆ.

ಬಾಡದಲ್ಲಿ ಮೂರು ಮನೆ ಕೇಳಿದ ಮೇಲೆ ನಾಲ್ಕನೆಯವರು ಒಂದು ಮನೆ ತೋರಿಸಿದರು. ಅಂಗಳದಲ್ಲಿ ಅರವತ್ತರ ಆಸುಪಾಸಿನವರೊಬ್ಬರು ಬಲೆ ಸರಿಮಾಡುತ್ತ ಕೂತಿದ್ದರು. ಅಕ್ಕೋರು ಎಲ್ಲ ಕಥೆ ಬಡಬಡಿಸಿಬಿಡುತ್ತಾರೆಂದು ನಾನೆಣಿಸಿದ್ದೆ. ಇಲ್ಲ, ಪರೀಕ್ಷೆಯ ಕೊಠಡಿಯಲ್ಲಿ ನಿಂತಹಾಗೆ ನಿಂತು, "ನಿಮ್ಮ ಮನೇಲಿ ಹಿಂದೆ ಯಾರಾದ್ರೂ ತಾಂಡೇಲರು ಇದ್ರಾ? ನಾ ಎಂತದೂ ಹೇಳೂದಿಲ್ಲ, ನೀವೇ ಹೇಳಿ" ಎಂದರು.

"ನನ್ನ ಅಜ್ಜ ಇದ್ದ" ಎಂದರು ಅವರು. "ಮಚ್ವೆ ಜೊತೆಗೇ ಹೋದ. ನನ್ನ ಅಪ್ಪ ಆಗ ಹತ್ತು ವರ್ಷದವ. ಅಪ್ಪಂಗೆ ಒಂದು ಸಣ್ಣ ತಂಗಿ. ಅವಳನ್ನ ಹೊನ್ನಾವರ ಬಂದರಲ್ಲಿ ಬಿಟ್ಟು ಬರ್ತೆ ಅಂತ ಅಜ್ಜ ಹೇಳಿ ಹೋಗಿದ್ನಂತೆ. ಅಪ್ಪ ದೊಡ್ಡವನಾದ ಮೇಲೆ ಎರಡು ಸಲ ಹೋಗಿ ಹುಡುಕ್ದ. ಮನೆಮನೆಗೆ ಹೋಗಿ ದೇವಿ ಅಂತ ಕೂಸು ಇದ್ಯಾ ಕೇಳ್ದ. ಆ ಹೆಸರಿನವ್ರು ಯಾರೂ ಇಲ್ಲ ಅಂದ್ರು. ಸಾಯೂ ತನಕ ಅದೇ ಮಾತು. ಅವಳ ಜುಟ್ಟು ಎಳೀತಿದ್ದೆ ನಾನು, ಎಳೀಬಾರದಿತ್ತು ಅಂತಿದ್ದ."

ಅಕ್ಕೋರು ಅಲ್ಲೇ ಬಲೆಯ ರಾಶಿಯ ಮೇಲೆ ಕೂತು, ಆ ತಂಗಿ ಇನ್ನೂ ಬದುಕಿದ್ದಾಳೆ, ತಾನು ಅವಳ ಮೊಮ್ಮಗಳು ಎಂದು ಹೇಳಿದರು. ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ನಾನು ಒಳಗಿಂದ ಬಂದ ಬೆಲ್ಲ ನೀರನ್ನು ಮೂವರ ಪಾಲಿನದನ್ನೂ ಕುಡಿದು ಮುಗಿಸಿದೆ.

ಅಜ್ಜಿಗೆ ಹೇಳಿದರೆ ಅವಳು ನಂಬುವ ಪೈಕಿಯಲ್ಲ. ಮರುದಿನ ಭಾನುವಾರ ಬೆಳಿಗ್ಗೆ ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತು ಬಂಗಡೆ ಹೆರೆಯುತ್ತಿದ್ದಳು. ಅಕ್ಕೋರು ನನಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಬಾಗಿಲ ಹಿಂದೆ ನಿಂತು ಮೆಲ್ಲಗೆ ಕರೆದರು.

"ದೇವೀ..."

"ಓ..." ಎಂದಳು ಅಜ್ಜಿ, ತಲೆಯೆತ್ತದೆ. ಇನ್ನೊಂದು ಮೀನು ಎತ್ತಿಕೊಂಡಳು. ಅದನ್ನು ಕಲ್ಲಿನ ಮೇಲಿಟ್ಟಳು. ಕತ್ತಿ ಹಿಡಿದ ಕೈ ನಿಂತಿತು. ತಿರುಗಿ, "ಯಾರು ಕರ್ದದ್ದು ನನ್ನ?" ಎಂದು ಕೇಳಿದಳು. ಅವಳ ಧ್ವನಿ ಸಣ್ಣ ಕೂಸಿನ ಧ್ವನಿಯಾಗಿತ್ತು. ನಾನು ಆ ದಿನ ಮೂಗು ಮುಚ್ಚಿಕೊಳ್ಳದೆ ಆ ಮೀನಿನ ಕಲ್ಲಿನ ಪಕ್ಕವೇ ಕೂತು ಮನಸಾರೆ ಅತ್ತೆ.

ಸೋಮವಾರ ಅಕ್ಕೋರು ಒಂದು ದಿನದ ರಜೆಗೆ ಅರ್ಜಿ ಕೊಟ್ಟರು. ಕಾರಣ: 'ನಮ್ಮ ಅಜ್ಜಿಯನ್ನು ತವರುಮನೆಗೆ ಕರೆದುಕೊಂಡು ಹೋಗಬೇಕಾಗಿರುವುದರಿಂದ.' ಹೆಡ್‌ಮಾಸ್ತರರು ಎರಡು ಸಲ ಓದಿ, "ಈ ವಯಸ್ಸಲ್ಲಿ ಅಜ್ಜಿಗೆ ತವರೆ?" ಎಂದರು. ಆಮೇಲೆ ವಿಷಯ ತಿಳಿದು ನನಗೂ ರಜೆ ಕೊಟ್ಟು, ಎರಡು ತರಗತಿಗಳನ್ನು ತಾವೇ ನೋಡಿಕೊಂಡರು.

ಬಾಡದ ಮನೆಯಲ್ಲಿ ಅಜ್ಜಿ ನಡೆದುಕೊಂಡ ರೀತಿಯನ್ನು ಹೇಗೆ ಹೇಳಲಿ! ಅಳುತ್ತಾಳೆಂದು ಎಲ್ಲರೂ ಸೆರಗು ಸಿದ್ಧಮಾಡಿ ನಿಂತಿದ್ದರೆ, ಅವಳು ಹೊಸಿಲು ದಾಟಿದವಳೇ ಅಡುಗೆಮನೆಗೆ ಹೋಗಿ ಸಾರಿಗೆ ಹುಳಿ ಸಾಲದು ಎಂದಳು. ಸೊಸೆಯಂದಿರಿಗೆ ಮಡಕೆ ಇಡುವ ಜಾಗ ಸರಿಯಿಲ್ಲ ಎಂದಳು. ಅಣ್ಣನ ಮಗ ಹೊಸ ಸೀರೆ ಮುಂದಿಟ್ಟರೆ ಅಂಚು ಮುಟ್ಟಿ ನೋಡಿ, "ನಿನ್ನಪ್ಪ ಆಗಿದ್ರೆ ಇದಕ್ಕಿಂತ ಚಲೋದು ತರ್ತಿದ್ದ" ಎಂದಳು. ಹೇಳಿ, ಆ ಸೀರೆಯನ್ನು ಎದೆಗೊತ್ತಿಕೊಂಡು ಬಿಡಲೇ ಇಲ್ಲ. ಊಟವಾಯಿತು. ಬಸ್ಸಿನ ಹೊತ್ತಾಯಿತು. ಅಣ್ಣನ ಮಗ ಬಾಗಿಲಿಗೆ ಅಡ್ಡ ನಿಂತು, "ಅತ್ತೇ, ಇವತ್ತೇ ಹೋಗೂದು ಎಂತಕ್ಕೆ? ಇನ್ನೆರಡು ದಿನ ಉಳಿ" ಎಂದರು.

ಅಜ್ಜಿ ಮುಖ ಬಿಗಿದುಕೊಂಡು, "ಆಗೂದಿಲ್ಲ, ಮನೇಲಿ ರಾಶಿ ಕೆಲಸ" ಎಂದಳು. ಮನೆಯಲ್ಲಿ ಎಂಥ ಕೆಲಸವೂ ಇರಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಹೇಳುವ ಮಾತನ್ನು ಅವಳು ಒಂದು ಸಲವಾದರೂ ಹೇಳಿ ನೋಡಬೇಕಿತ್ತು. ಅವರು ಮತ್ತೆ ಕೇಳಿದರು. ಅವಳು ಮತ್ತೆ ಆಗುವುದಿಲ್ಲ ಎಂದಳು. ಮೂರನೇ ಸಲ ಕೇಳಿದಾಗ, "ಆತು, ನೀವು ಇಷ್ಟು ಹೇಳೂದಾದ್ರೆ" ಎಂದು ಜಗಲಿಯ ಮೇಲೆ ಕಾಲು ಚಾಚಿ ಕೂತಳು. ನಮ್ಮ ಕಡೆ ತಿರುಗಿ, "ನೀವು ಹೊರಡಿ, ಬಸ್ಸು ತಪ್ಪಿ ಹೋಗ್ತದೆ" ಎಂದಳು.

ನಾವಿಬ್ಬರೇ ಹೊನ್ನಾವರಕ್ಕೆ ಬಂದು ಕೇರಿಗೆ ಇಳಿದಾಗ ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಮೊದಲ ಮನೆಯ ಹೆಂಗಸು ನಮ್ಮನ್ನು ಕಂಡು, "ಅಜ್ಜಿ ಎಲ್ಲಿ ಅಕ್ಕೋರೆ?" ಎಂದಳು.

"ಅಜ್ಜಿ ತವರಿಗೆ ಹೋಗಿದಾಳೆ" ಎಂದರು ಅಕ್ಕೋರು.

ಎರಡನೇ ಮನೆಯವರು ಕೇಳಲಿಲ್ಲ. ಅಕ್ಕೋರೇ ನಿಂತು, "ಅಜ್ಜಿ ಮನೇಲಿಲ್ಲ, ತವರಿಗೆ ಹೋಗಿದಾಳೆ. ಯಾವಾಗ ಬರ್ತಾಳೋ ಗೊತ್ತಿಲ್ಲ, ಕಳ್ಸೂದಿಲ್ಲ ಅಂತಿದಾರೆ" ಎಂದರು. ಮೂರನೆಯ ಮನೆಯಲ್ಲಿ ಹೇಳಿದರು, ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದವರಿಗೆ ಹೇಳಿದರು. ಮೀನುಪೇಟೆಯಿಂದ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದ ಮುದುಕಿಯರನ್ನು ತಡೆದು ನಿಲ್ಲಿಸಿ ಹೇಳಿದರು. ತಮ್ಮ ಮನೆ ದಾಟಿ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೇರಿಯ ಕೊನೆಯ ಮನೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ, ಬಾಗಿಲಿಗೆ ಬೀಗವಿತ್ತು. ಅಕ್ಕೋರು ಆ ಬೀಗಕ್ಕೂ ಹೇಳಿಯೇ ಮನೆಗೆ ತಿರುಗಿದರು.